ಹೊಸಿಲಿನ ಹೊರಗಿನ ಈಳಿಗೆಮಣೆ: ಒಂದು ಬಿಸಿಯೂಟದ ಕೋಣೆಯ ಪ್ರಕರಣ

ಈ ಪ್ರಕರಣ ನಡೆದದ್ದು ಚಿತ್ರದುರ್ಗ ಜಿಲ್ಲೆಯ ಮೂಡಣ ಭಾಗದ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ, 2019ರ ಜೂನ್‌ನಿಂದ ಆಚೆಗೆ. ಆಗ ನಾನು ಅಲ್ಲಿ ಪ್ರಭಾರ ಮುಖ್ಯ ಶಿಕ್ಷಕಿ. ಊರಿನ ಹೆಸರನ್ನಾಗಲಿ ಜನರ ಹೆಸರನ್ನಾಗಲಿ ಬರೆಯುವುದಿಲ್ಲ. ಅವರೆಲ್ಲ ಇನ್ನೂ ಅಲ್ಲೇ ಬದುಕುತ್ತಿದ್ದಾರೆ, ಒಬ್ಬರ ಹೊಲಕ್ಕೆ ಇನ್ನೊಬ್ಬರು ಕೂಲಿಗೆ ಹೋಗುತ್ತಾರೆ. ಅಡುಗೆಯ ಇಬ್ಬರು ಹೆಣ್ಣುಮಕ್ಕಳಲ್ಲಿ ಹಿರಿಯರನ್ನು ನಾನು ಅಕ್ಕ ಎಂದೂ ಕಿರಿಯವಳನ್ನು ತಂಗಿ ಎಂದೂ ಕರೆಯುತ್ತಿದ್ದೆ. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಮೀಸಲಾತಿ ಎಂದ ಕೂಡಲೇ ನಮ್ಮ ಮಾತು ಎಂಜಿನಿಯರಿಂಗ್ ಸೀಟು, ಕೆಪಿಎಸ್‌ಸಿ ಪಟ್ಟಿಗಳ ಕಡೆಗೆ ಹರಿದುಬಿಡುತ್ತದೆ. ಶಾಲೆಯ ಅಡುಗೆಯವರ ಹುದ್ದೆಯಲ್ಲಿಯೂ ಮೀಸಲಾತಿಯ ಪ್ರಶ್ನೆ ಇದೆ ಎಂಬುದು ಯಾರ ಚರ್ಚೆಗೂ ಬರುವುದಿಲ್ಲ. ಮೀಸಲಾತಿ ಏಕೆ ಬೇಕು, ಅದರ ಬೆಲೆಯನ್ನು ಯಾರು ತೆರಬೇಕು ಎಂಬುದು ಇಪ್ಪತ್ತು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದಾಗ ನನಗೆ ತಿಳಿದಿರಲಿಲ್ಲ. ತಿಳಿದದ್ದು ಹತ್ತಡಿ ಅಗಲದ ಆ ಅಡುಗೆ ಕೋಣೆಯಲ್ಲಿ. ಆದ್ದರಿಂದ ಇದನ್ನು ವಿವರವಾಗಿ ಬರೆದಿಡಬೇಕು ಎನಿಸಿತು.

ಕೋಣೆ ಮತ್ತು ನಿಯಮ

ಆ ವರ್ಷ ಒಂದರಿಂದ ಏಳನೆಯ ತರಗತಿಯವರೆಗೆ 84 ಮಕ್ಕಳಿದ್ದರು. ಬಿಸಿಯೂಟದ ನಿಯಮದಂತೆ 25 ಮಕ್ಕಳವರೆಗೆ ಒಬ್ಬರು, 26ರಿಂದ 100ರವರೆಗೆ ಇಬ್ಬರು ಅಡುಗೆಯವರು. ಹಾಗಾಗಿ ನಮ್ಮಲ್ಲಿ ಒಬ್ಬರು ಮುಖ್ಯ ಅಡುಗೆಯವರು, ಒಬ್ಬರು ಸಹಾಯಕ ಅಡುಗೆಯವರು. ಮುಖ್ಯ ಅಡುಗೆಯವರಿಗೆ ಆಗ ತಿಂಗಳಿಗೆ 2,700 ರೂಪಾಯಿ ಗೌರವಧನ, ಸಹಾಯಕರಿಗೆ 2,600. ಅಂತರ ನೂರೇ ರೂಪಾಯಿ ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಮುಂದೆ ನಡೆದ ಜಗಳ ಹಣದ್ದಾಗಿರಲಿಲ್ಲ.

84 ಮಕ್ಕಳಲ್ಲಿ 23 ಮಂದಿ ಎ.ಕೆ. ಕಾಲೊನಿಯವರು, ಅಂದರೆ ದಲಿತ ಕೇರಿಯವರು. ಉಳಿದ 61 ಮಕ್ಕಳಲ್ಲಿಯೂ ಹೆಚ್ಚಿನವರು ಒಂದಲ್ಲ ಒಂದು ಮೀಸಲಾತಿಗೆ ಸೇರಿದವರೇ: ಪರಿಶಿಷ್ಟ ಪಂಗಡ, ಪ್ರವರ್ಗ-1, 2ಎ, 3ಬಿ. ನಾನೂ 2ಎ ಪ್ರವರ್ಗದಲ್ಲಿ ಆಯ್ಕೆಯಾಗಿ 1998ರಲ್ಲಿ ನೌಕರಿಗೆ ಬಂದವಳು. ಮೀಸಲಾತಿಯೇ ಬೇಡ ಎನ್ನುವವರು ಆ ಊರಿನಲ್ಲಿ ಒಬ್ಬರೂ ಇರಲಿಲ್ಲ. ಜಿಲ್ಲೆಯ ಆರು ವಿಧಾನಸಭಾ ಕ್ಷೇತ್ರಗಳಲ್ಲಿ ಹೊಳಲ್ಕೆರೆ ಪರಿಶಿಷ್ಟ ಜಾತಿಗೆ, ಚಳ್ಳಕೆರೆ ಮತ್ತು ಮೊಳಕಾಲ್ಮೂರು ಪರಿಶಿಷ್ಟ ಪಂಗಡಕ್ಕೆ ಮೀಸಲು. ಲೋಕಸಭಾ ಕ್ಷೇತ್ರವೂ 2009ರ ಚುನಾವಣೆಯಿಂದ ಪರಿಶಿಷ್ಟ ಜಾತಿಗೆ ಮೀಸಲಾಗಿದೆ. ದಲಿತ ಅಭ್ಯರ್ಥಿಗೆ ಮತ ಹಾಕಿ, ಗೆದ್ದು ಬಂದಾಗ ಹಾರ ಹಾಕಿ ರೂಢಿಯಾಗಿರುವ ಊರು ಅದು.

ಬಿಸಿಯೂಟದ ಹಿಂದೆ ಒಂದು ದೊಡ್ಡ ಮೊಕದ್ದಮೆ ಇದೆ. ಆಹಾರದ ಹಕ್ಕಿಗಾಗಿ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ 2001ರಲ್ಲಿ ಹೂಡಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಅದೇ ವರ್ಷದ ನವೆಂಬರ್ 28ರಂದು, ಸರ್ಕಾರಿ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. ನಮ್ಮ ರಾಜ್ಯದಲ್ಲಿ 2002ರಲ್ಲಿ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಎಂಬ ಹೆಸರಿನಲ್ಲಿ ಬಿಸಿಯೂಟ ಶುರುವಾಗಿ ಮರುವರ್ಷ ಉಳಿದ ಕಡೆಗೂ ಬಂತು. ಬಹಳ ಜನರ ಗಮನಕ್ಕೆ ಬಾರದೆ ಹೋದದ್ದು 2004ರ ಏಪ್ರಿಲ್ 20ರ ಆದೇಶ. ಅಡುಗೆಯವರು ಮತ್ತು ಸಹಾಯಕರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದ್ಯತೆ ಕೊಡಬೇಕು ಎಂದು ನ್ಯಾಯಾಲಯ ಅಂದು ಹೇಳಿತು. ಅದು ಬರಿಯ ಕೂಲಿಯ ಮಾತಾಗಿದ್ದರೆ ಶಾಲೆಯ ಕಾಂಪೌಂಡ್ ಕಟ್ಟುವ ಕೆಲಸದಲ್ಲಿಯೂ ಆದ್ಯತೆ ಕೊಡಬಹುದಿತ್ತು. ಅಡುಗೆಯನ್ನೇ ಆರಿಸಿಕೊಂಡದ್ದರಲ್ಲಿ ಅರ್ಥವಿದೆ. ಸಂವಿಧಾನದ 17ನೆಯ ವಿಧಿ ನಿಷೇಧಿಸಿದ ಅಸ್ಪೃಶ್ಯತೆ ತನ್ನ ಕೊನೆಯ ಬೇರನ್ನು ಬಿಟ್ಟುಕೊಂಡಿರುವುದು ಅನ್ನದ ತಪ್ಪಲೆಯಲ್ಲಿ.

ನಮ್ಮ ಶಾಲೆ ಈ ನಿಯಮವನ್ನು ಪಾಲಿಸಿತ್ತು. ಕಾಲೊನಿಯ ಅಕ್ಕ 2008ರಿಂದ ಸಹಾಯಕ ಅಡುಗೆಯವರಾಗಿದ್ದರು. ಪರಿಶೀಲನೆಗೆ ಬಂದ ಅಧಿಕಾರಿಗಳು ಕಡತದಲ್ಲಿ ಅವರ ಜಾತಿ ಪ್ರಮಾಣಪತ್ರ ನೋಡಿ, ಸರಿ ಎಂದು ಗುರುತು ಹಾಕಿ ಹೋಗುತ್ತಿದ್ದರು.

ಉಪ್ಪು ಹಾಕುವ ಕೈ

ನಾನು ಆ ಶಾಲೆಗೆ ಬಂದದ್ದು 2016ರಲ್ಲಿ. ಮೂರು ವರ್ಷ ದಿನವೂ ಅಲ್ಲಿ ಊಟ ಮಾಡಿದೆ, ರುಚಿ ದಾಖಲೆ ಪುಸ್ತಕಕ್ಕೆ ಸಹಿ ಹಾಕಿದೆ. ನೋಡಬೇಕಾದುದನ್ನು ಮಾತ್ರ ನೋಡಲಿಲ್ಲ.

2019ರ ಜನವರಿಯ ಅಮಾವಾಸ್ಯೆಗೆ ಮುಖ್ಯ ಅಡುಗೆಯವರು ಉಕ್ಕಡಗಾತ್ರಿಗೆ ಹೋಗಿದ್ದರು. ಅಂದು ಯಾವುದೋ ಕಡತ ಹುಡುಕಿಕೊಂಡು ಅಡುಗೆ ಕೋಣೆಯ ಪಕ್ಕದ ಕೊಠಡಿಗೆ ಹೋದೆ. ಒಳಗೆ ಒಲೆಯ ಮುಂದೆ ಮುಖ್ಯ ಅಡುಗೆಯವರ ಸೊಸೆ ನಿಂತಿದ್ದಳು. ಇಪ್ಪತ್ತರ ಹರೆಯದ, ಎಂಬತ್ತು ಜನರ ಅಡುಗೆಯನ್ನು ಎಂದೂ ಮಾಡಿರದ ಹುಡುಗಿ. ಹೊಸಿಲಿನ ಹೊರಗೆ, ಬೇವಿನ ಮರದ ಕೆಳಗೆ, ಈಳಿಗೆಮಣೆಯ ಮೇಲೆ ಕುಳಿತು ಬದನೆಕಾಯಿ ಹೆಚ್ಚುತ್ತಿದ್ದ ಅಕ್ಕ ತಲೆಯೆತ್ತದೆ ಹೇಳುತ್ತಿದ್ದರು: “ಬೇಳೆ ಇನ್ನೂ ಒಡೆದಿಲ್ಲ, ಇನ್ನೆರಡು ಕುದಿ ಬರಲಿ. ಈಗ ಖಾರದ ಪುಡಿ ಹಾಕು. ಉಪ್ಪು ಎರಡು ಹಿಡಿ. ಮೂರನೆಯದು ಬೇಡ.” ಕುದಿಯುವ ಸದ್ದು ಕೇಳಿಯೇ ಬೇಳೆಯ ಹದ ಹೇಳುತ್ತಿದ್ದರು. ಸೊಸೆ ಹೇಳಿದಂತೆ ಮಾಡುತ್ತಿದ್ದಳು. ಅಡುಗೆ ಬಲ್ಲವರು ಹೊಸಿಲಿನ ಹೊರಗೆ, ಅಡುಗೆ ಬಾರದ ಕೈ ಒಳಗೆ.

ಆಮೇಲೆ ವಿಚಾರಿಸಿದಾಗ ವ್ಯವಸ್ಥೆಯ ಕಟ್ಟು ಗೊತ್ತಾಯಿತು. ಅಕ್ಕಿ ಆರಿಸುವುದು, ತರಕಾರಿ ಹೆಚ್ಚುವುದು, ನೀರು ತರುವುದು, ಕೊನೆಗೆ ಪಾತ್ರೆ ತೊಳೆಯುವುದು ಅಕ್ಕನ ಕೆಲಸ. ಬೆಂಕಿ ಮತ್ತು ಉಪ್ಪು ತಾಗಿದ ಮೇಲೆ ತಪ್ಪಲೆಯನ್ನು ಅವರು ಮುಟ್ಟುವಂತಿಲ್ಲ, ಬಡಿಸುವಂತಿಲ್ಲ. ಹನ್ನೊಂದು ವರ್ಷ ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ಮುರಿದೂ ಇರಲಿಲ್ಲ. ಸರ್ಕಾರ ಹುದ್ದೆಯನ್ನು ಮೀಸಲಿಟ್ಟಿತು, ಊರು ಹುದ್ದೆಯೊಳಗಿನ ಕೆಲಸವನ್ನು ಮೀಸಲಿಟ್ಟಿತು.

ಇದು ಅಡುಗೆ ಕೋಣೆಗೆ ಮಾತ್ರ ಸೀಮಿತವಾದ ಮಾತಲ್ಲ. ಮೀಸಲು ಕ್ಷೇತ್ರದ ಪಂಚಾಯಿತಿ ಅಧ್ಯಕ್ಷರನ್ನು ಕುರ್ಚಿಯ ಮೇಲೆ ಕೂರಿಸಿ, ಚೆಕ್ಕಿಗೆ ಯಾವಾಗ ಸಹಿ ಹಾಕಬೇಕೆಂದು ಬೇರೊಬ್ಬರು ಹೇಳುವುದನ್ನು ನಾವೆಲ್ಲ ಕಂಡಿದ್ದೇವೆ. ಒಳಗೆ ಬಿಟ್ಟಂತೆ ಮಾಡಿ ಹೊಸಿಲಿನಲ್ಲೇ ನಿಲ್ಲಿಸುವುದು ನಮ್ಮವರಿಗೆ ಚೆನ್ನಾಗಿ ಗೊತ್ತಿರುವ ವಿದ್ಯೆ.

ಮೂರು ಹೆಸರು

2019ರ ಮೇ ತಿಂಗಳಲ್ಲಿ ಮುಖ್ಯ ಅಡುಗೆಯವರು ಮಗನ ಜೊತೆ ಬೆಂಗಳೂರಿಗೆ ಹೊರಟುಹೋದರು. ಜಾಗ ಖಾಲಿಯಾಯಿತು. ಯಾರ ಹೆಸರು ಕಳುಹಿಸಬೇಕೆಂದು ಶಾಲೆಯಲ್ಲಿ ಸಭೆ ಸೇರಿತು. ನಮ್ಮಿಂದ ಹೋದ ಹೆಸರನ್ನು ಮೇಲಿನವರು ಸಾಮಾನ್ಯವಾಗಿ ಒಪ್ಪುತ್ತಿದ್ದರು.

ಹಿರಿತನದಂತೆ ಅಕ್ಕನೇ ಮುಖ್ಯ ಅಡುಗೆಯವರಾಗಬೇಕು ಎಂದೆ. ಸಭೆ ಒಂದು ಕ್ಷಣ ಮೌನವಾಯಿತು. ಯಾರೂ ಬೇಡ ಎನ್ನಲಿಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರು ಬೇರೆ ಹೆಸರು ಹೇಳಿದರು: ಮೇಲಿನ ಬೀದಿಯ ಒಬ್ಬ ಹೆಣ್ಣುಮಗಳು, ಇಪ್ಪತ್ತೊಂಬತ್ತು ವರ್ಷ, ಎರಡು ವರ್ಷದ ಹಿಂದೆ ಗಂಡ ತೀರಿಕೊಂಡಿದ್ದ, ಇಬ್ಬರು ಮಕ್ಕಳು ನಮ್ಮ ಶಾಲೆಯಲ್ಲೇ. ಇವಳೇ ತಂಗಿ. “ವಿಧವೆಗೂ ಆದ್ಯತೆ ಇದೆಯಲ್ಲ ಮೇಡಂ, ಇವಳಿಗಿಂತ ಕಷ್ಟದಲ್ಲಿ ಯಾರಿದ್ದಾರೆ?” ಎಂದರು. ಮಾತು ಸುಳ್ಳಲ್ಲ. ಅತ್ತೆಯ ಮನೆಯವರು ಅವಳಿಗೆ ಹೊಲ ಕೊಟ್ಟಿರಲಿಲ್ಲ, ತವರಿನಲ್ಲಿ ಅಣ್ಣನ ಹಂಗು. ಅಕ್ಕನ ಮಗ ಗಾರೆ ಕೆಲಸಕ್ಕೆ ಹೋಗಿ ನಾಲ್ಕು ಕಾಸು ತರುತ್ತಿದ್ದ. ಬಡತನವೊಂದನ್ನೇ ತಕ್ಕಡಿಗೆ ಹಾಕಿದ್ದರೆ ತಂಗಿಯ ತಟ್ಟೆಯೇ ಕೆಳಗೆ ಬರುತ್ತಿತ್ತು.

ಇನ್ನೊಬ್ಬ ಸದಸ್ಯರು ಮೂರನೆಯ ದಾರಿ ತೋರಿಸಿದರು. “ನಿಮಗೆ ಎಸ್‌ಸಿ ತಾನೇ ಬೇಕು? ತಾಂಡಾದಿಂದ ಒಬ್ಬರನ್ನು ತರೋಣ. ಕಾಗದವೂ ಸರಿಯಾಗುತ್ತದೆ, ಮಕ್ಕಳೂ ಉಣ್ಣುತ್ತಾರೆ.” ತಾಂಡಾದ ಆ ಹೆಣ್ಣುಮಗಳೂ ಕಷ್ಟಜೀವಿಯೇ. ವರ್ಷದಲ್ಲಿ ನಾಲ್ಕು ತಿಂಗಳು ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಗುಳೆ ಹೋಗುವವಳು. ಈ ಕೆಲಸ ಸಿಕ್ಕರೆ ಮಕ್ಕಳನ್ನು ಬಿಟ್ಟು ಹೋಗುವುದು ತಪ್ಪುತ್ತಿತ್ತು.

ಮೂರು ಹೆಸರು, ಮೂರೂ ನ್ಯಾಯವಾದ ಬೇಡಿಕೆ. ಅಂದು ರಾತ್ರಿ ನಾನು ಯೋಚಿಸಿದ್ದನ್ನು ಬಿಡಿಸಿ ಹೇಳುತ್ತೇನೆ. ಒಪ್ಪುವುದು ಬಿಡುವುದು ಓದುಗರಿಗೆ ಸೇರಿದ್ದು.

ತಾಂಡಾದ ದಾರಿಯಲ್ಲಿ ಕಾನೂನಿಗೆ ಲವಲೇಶ ಲೋಪವಿಲ್ಲ. ನಮ್ಮ ರಾಜ್ಯದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿ 101 ಜಾತಿಗಳಿವೆ, ಅವುಗಳಲ್ಲಿ ಯಾರನ್ನು ತೆಗೆದುಕೊಂಡರೂ ಕಡತ ತುಂಬುತ್ತದೆ. ಆದರೆ ಸದಸ್ಯರು ಆ ಹೆಸರು ಹೇಳಿದ್ದು ಏಕೆ? ಊರು ಅವಳ ಕೈಯ ನೀರು ಕುಡಿಯುತ್ತದೆ, ಅಕ್ಕನ ಕೈಯ ನೀರು ಕುಡಿಯುವುದಿಲ್ಲ ಎಂಬ ಒಂದೇ ಕಾರಣಕ್ಕೆ. ಅಸ್ಪೃಶ್ಯತೆಯನ್ನು ಮುರಿಯಲು ಮಾಡಿದ ಪಟ್ಟಿಯನ್ನು ಅಸ್ಪೃಶ್ಯತೆಯನ್ನು ಕಾಪಾಡಲು ಬಳಸುವುದು ನನಗೆ ಸಹಿಸಲಾರದ ಮಾತಾಗಿ ಕಂಡಿತು. ತಾಂಡಾದವಳ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ, ಅವಳನ್ನೂ ಗುರಾಣಿಯಂತೆ ಬಳಸಿಕೊಳ್ಳಲು ಹೊರಟಿದ್ದರು. ಪರಿಶಿಷ್ಟ ಜಾತಿಗಳ ಒಳಗೇ ಮೀಸಲಾತಿಯನ್ನು ಹಂಚುವ ಒಳಮೀಸಲಾತಿಯ ಕುರಿತು, 2005ರಲ್ಲಿ ನೇಮಕವಾದ ನ್ಯಾಯಮೂರ್ತಿ ಎ.ಜೆ. ಸದಾಶಿವ ಆಯೋಗ 2012ರಲ್ಲಿ ವರದಿ ಕೊಟ್ಟಿತ್ತು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಪರಿಶಿಷ್ಟ ಜಾತಿಗಳ ಒಳವರ್ಗೀಕರಣವನ್ನು ಒಪ್ಪಿತು. 2025ರ ಆಗಸ್ಟ್‌ನಲ್ಲಿ ನಮ್ಮ ಸಚಿವ ಸಂಪುಟ ಪರಿಶಿಷ್ಟ ಜಾತಿಗಳ ಶೇ 17ರ ಮೀಸಲಾತಿಯನ್ನು ಮೂರು ಗುಂಪುಗಳಿಗೆ ಆರು, ಆರು, ಐದು ಎಂದು ಹಂಚಿತು. ಹಂಚಿಕೆಯ ಲೆಕ್ಕದ ಬಗ್ಗೆ, ಅದರಲ್ಲೂ ಅಲೆಮಾರಿಗಳ ಪಾಲಿನ ಬಗ್ಗೆ ಜಗಳ ಇನ್ನೂ ಆರಿಲ್ಲ. ಒಳಮೀಸಲಾತಿ ಏಕೆ ಬೇಕು ಎಂದು ಯಾರಾದರೂ ಕೇಳಿದರೆ ನನಗೆ ಮಾತ್ರ ಯಾವ ಅಂಕಿ ಅಂಶವೂ ನೆನಪಾಗುವುದಿಲ್ಲ. “ನಿಮಗೆ ಎಸ್‌ಸಿ ತಾನೇ ಬೇಕು?” ಎಂಬ ಆ ಮಾತು ಕಿವಿಯಲ್ಲಿ ಕೇಳುತ್ತದೆ.

ತಂಗಿಯ ವಿಷಯ ಇನ್ನೂ ಬಿಕ್ಕಟ್ಟಿನದು. ಬಡತನಕ್ಕೆ ಸಹಾಯ ಬೇಕು, ಅದು ಸರ್ಕಾರದ ಹೊಣೆ. ಆದರೆ ಬಡತನ ಮತ್ತು ಜಾತಿಯ ಅವಮಾನ ಎರಡೂ ಒಂದೇ ಬಗೆಯ ಗಾಯಗಳಲ್ಲ. ತಂಗಿಯನ್ನು ಅಡುಗೆ ಕೋಣೆಯಿಂದ ಹೊರಗಿಡಬೇಕೆಂದು ಯಾರೂ ಯಾವತ್ತೂ ಹೇಳಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಕೆಲಸ, ಅದು ಸಹಾಯಕಿಯ ಹುದ್ದೆಯಲ್ಲಿಯೂ ಸಿಗುತ್ತಿತ್ತು. ಅಕ್ಕನಿಗೆ ಕೆಲಸ ಹನ್ನೊಂದು ವರ್ಷದಿಂದ ಇತ್ತು, ಸಿಗದೆ ಹೋದದ್ದು ಸೌಟು.

ಸಭೆಯಲ್ಲಿ ಅರ್ಹತೆಯ ಮಾತೂ ಬಂತು, ಶುಚಿತ್ವ ಎಂಬ ಹೆಸರಿನಲ್ಲಿ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿಯನ್ನು ನೇಮಿಸಿದ ಕಾಲದಿಂದಲೂ ಹಿಂದುಳಿದವರಿಗೆ ಬಾಗಿಲು ತೆರೆಯುವಾಗಲೆಲ್ಲ ದಕ್ಷತೆಯ ಪ್ರಶ್ನೆ ಏಳುತ್ತಲೇ ಇದೆ. ಅದು ಪೊಳ್ಳು ಪ್ರಶ್ನೆ ಎಂದು ನಾನು ಹೇಳುವುದಿಲ್ಲ. ಆಪರೇಷನ್ ಮಾಡುವವರ ಕೈ ನಡುಗಬಾರದು. 1962ರ ಬಾಲಾಜಿ ಪ್ರಕರಣದಲ್ಲಿ ಮೈಸೂರು ರಾಜ್ಯದ ಶೇ 68ರ ಮೀಸಲಾತಿಯನ್ನು ನ್ಯಾಯಾಲಯ ತಳ್ಳಿಹಾಕಿದ್ದರ ಹಿಂದೆ, 1992ರ ಇಂದ್ರಾ ಸಾಹ್ನಿ ತೀರ್ಪು ಶೇ 50ರ ಗೆರೆ ಎಳೆದದ್ದರ ಹಿಂದೆ, ಎಲ್ಲರಿಗೂ ಸಲ್ಲಬೇಕಾದ ಅವಕಾಶದ ಕಾಳಜಿಯೂ ಇದೆ. ಆದರೆ ನಮ್ಮ ಸಭೆಯಲ್ಲಿ ಯಾರೂ ಅಡುಗೆಯ ಪರೀಕ್ಷೆ ಮಾಡೋಣ ಎನ್ನಲಿಲ್ಲ. ಅರ್ಹತೆಯೇ ಅಳತೆಯಾಗಿದ್ದರೆ ಅಕ್ಕನ ಎದುರು ನಿಲ್ಲುವವರು ಆ ಊರಿನಲ್ಲಿ ಇರಲಿಲ್ಲ.

ಅಕ್ಕ ಮುಖ್ಯ ಅಡುಗೆಯವರು, ತಂಗಿ ಸಹಾಯಕಿ ಎಂದು ಬರೆದು ಕಳುಹಿಸಿದೆ. ತಾಂಡಾದವಳಿಗೆ ಏನೂ ಸಿಗಲಿಲ್ಲ. ಆ ಅಕ್ಟೋಬರ್‌ನಲ್ಲಿಯೂ ಅವಳು ಕಾಫಿ ತೋಟಕ್ಕೆ ಹೋದಳು.

ಹತ್ತು ಕಿಲೊ ಅಕ್ಕಿ

ಕಿರಿಯ ಮಕ್ಕಳಿಗೆ ತಲಾ 100 ಗ್ರಾಂ, ಆರು ಮತ್ತು ಏಳನೆಯ ತರಗತಿಯವರಿಗೆ 150 ಗ್ರಾಂ ಅಕ್ಕಿ. ನಮ್ಮ 84 ಮಕ್ಕಳಿಗೆ ಹತ್ತು ಕಿಲೊ. ಮೊದಲ ದಿನ ಅಕ್ಕ ಹತ್ತು ಕಿಲೊ ಅಕ್ಕಿಯನ್ನೇ ಬೇಯಿಸಿದರು. ಬೆಳಿಗ್ಗೆ ಹೊಸ ಸೀರೆ ಉಟ್ಟು ಬಂದಿದ್ದರು, ಹೊಸಿಲು ದಾಟುವ ಮೊದಲು ಕೈ ಕಾಲು ತೊಳೆದು ಒಂದು ಕ್ಷಣ ನಿಂತಿದ್ದರು.

ಊಟದ ಗಂಟೆ ಬಾರಿಸಿದಾಗ ಸಾಲಿನಲ್ಲಿ ಕುಳಿತವರು 29 ಮಕ್ಕಳು. ಕಾಲೊನಿಯ 23, ತಂಗಿಯ ಇಬ್ಬರು, ಮನೆಯಲ್ಲಿ ಮಧ್ಯಾಹ್ನ ಒಲೆ ಹತ್ತದ ಇನ್ನು ನಾಲ್ವರು. ಉಳಿದವರು ಡಬ್ಬಿ ತೆಗೆದರು ಅಥವಾ ಮನೆಗೆ ಓಡಿದರು. ನಾವು ಶಿಕ್ಷಕರು ಮಕ್ಕಳ ಜೊತೆಯೇ ಕುಳಿತೆವು. ನಾಲ್ವರು ಶಿಕ್ಷಕರಲ್ಲಿ ಒಬ್ಬರು ಅಂದು ಉಪವಾಸ ಎಂದರು. ಅವರ ಉಪವಾಸ ಮೂರು ವಾರ ಮುಗಿಯಲಿಲ್ಲ. ಅವರನ್ನು ನಾನು ಏನೂ ಅನ್ನಲಿಲ್ಲ, ಅನ್ನಬೇಕಿತ್ತು.

ಸಂಜೆ ತಪ್ಪಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅನ್ನ ಉಳಿದಿತ್ತು. ಅಕ್ಕ ಅದನ್ನು ಬಕೆಟ್ಟಿಗೆ ತೋಡಿಕೊಂಡು, ಊರ ನಡುವಿನ ದಾರಿ ಬಿಟ್ಟು ಹೊಲದ ಬದುವಿನ ಮೇಲೆ ನಡೆದು ಹೋದರು. ಜನ ಆ ಬಕೆಟ್ ನೋಡಬಾರದು ಎಂದು.

ಆ ಮೂರು ವಾರಗಳಲ್ಲಿ ಆರು ಮಕ್ಕಳು ವರ್ಗಾವಣೆ ಪತ್ರ ತೆಗೆದುಕೊಂಡು ಹೋಬಳಿಯ ಖಾಸಗಿ ಶಾಲೆಗೆ ಸೇರಿದರು. ಹಾಜರಿ ಪುಸ್ತಕದಲ್ಲಿ ಉಂಡವರ ಸಂಖ್ಯೆಯನ್ನು 84 ಎಂದೇ ಬರೆಯಿರಿ, ಗಲಾಟೆ ಮೇಲಕ್ಕೆ ಹೋಗುವುದು ಬೇಡ ಎಂದು ಸಲಹೆ ಬಂತು. 29 ಎಂದೇ ಬರೆದೆ. ಅಧಿಕಾರಿಯೊಬ್ಬರು ಬಂದು, “ಸ್ವಲ್ಪ ಹೊಂದಿಸಿಕೊಂಡು ಹೋಗಿ ಮೇಡಂ. ಹುದ್ದೆ ಅವರದೇ ಇರಲಿ, ಬಡಿಸುವುದು ಇನ್ನೊಬ್ಬರು ಮಾಡಲಿ” ಎಂದರು. ಹನ್ನೊಂದು ವರ್ಷದ ಹಳೆಯ ಪರಿಹಾರವೇ ಹೊಸ ಬಾಯಿಂದ ಬಂದಿತ್ತು. ಊರಿನ ಯುವಕರೊಬ್ಬರು ದೌರ್ಜನ್ಯ ತಡೆ ಕಾಯ್ದೆಯಡಿ ದೂರು ಕೊಡೋಣ ಎಂದರು. ಅಕ್ಕ ಕೈ ಮುಗಿದು ಬೇಡ ಎಂದರು. ಶೇಂಗಾ ಕೀಳುವ ಕೂಲಿಗೆ ಅವರ ಸೊಸೆ ಹೋಗಬೇಕಾದದ್ದು ಅದೇ ಮನೆಗಳ ಹೊಲಗಳಿಗೆ.

ನಾನು ಇಂದಿಗೂ ಮರೆಯಲಾಗದ ನೋಟ ಒಂದಿದೆ. ಎರಡನೆಯ ವಾರ, ಐದನೆಯ ತರಗತಿಯ ಒಬ್ಬ ಹುಡುಗಿ ಶೌಚಾಲಯದ ಗೋಡೆಯ ಹಿಂದೆ ತಟ್ಟೆ ಹಿಡಿದು ನಿಂತುಕೊಂಡೇ ಉಣ್ಣುತ್ತಿದ್ದಳು. ನನ್ನನ್ನು ಕಂಡದ್ದೇ ತಟ್ಟೆಯನ್ನು ಲಂಗದ ಹಿಂದೆ ಮುಚ್ಚಿಕೊಂಡಳು. ಸಾರು ಲಂಗದ ಮೇಲೆ ಚೆಲ್ಲಿತು. “ಅಪ್ಪನಿಗೆ ಹೇಳಬೇಡಿ ಮಿಸ್” ಎಂದಳು. ಆ ಮಗುವಿನ ಮನೆಯಲ್ಲಿ ಡಬ್ಬಿ ಕಟ್ಟಿಕೊಡುವ ಸ್ಥಿತಿ ಇರಲಿಲ್ಲ. ಉಣ್ಣಬೇಡ ಎಂಬ ಅಪ್ಪಣೆ ಮಾತ್ರ ಇತ್ತು.

ದೊಡ್ಡವರ ಪಾಪವನ್ನು ತೊಳೆಯಲು ಮಕ್ಕಳ ಹೊಟ್ಟೆಯನ್ನು ಒಡ್ಡಬಹುದೇ? ನನ್ನ ನಿರ್ಧಾರದ ವಿರುದ್ಧ ಯಾರಾದರೂ ಗಟ್ಟಿಯಾಗಿ ಎತ್ತಬಹುದಾದ ಪ್ರಶ್ನೆ ಇದು, ಮತ್ತು ಇದಕ್ಕೆ ನನ್ನ ಬಳಿ ಪೂರ್ಣ ಉತ್ತರವಿಲ್ಲ. ನಾನು ಹಿಡಿದದ್ದು ಇಷ್ಟೇ: ಹನ್ನೊಂದು ವರ್ಷದಿಂದ ಕಾಲೊನಿಯ ಮಕ್ಕಳು ತಮ್ಮವರೇ ಆದ ಒಬ್ಬ ಹೆಂಗಸು ತಮ್ಮ ಅನ್ನದ ತಪ್ಪಲೆಯನ್ನು ಮುಟ್ಟದಂತೆ ಹೊರಗೆ ಕುಳಿತಿರುವುದನ್ನು ದಿನವೂ ನೋಡಿಕೊಂಡು ಉಂಡಿದ್ದರು. ಅದೂ ಮಕ್ಕಳ ಮೇಲೆ ಹೊರಿಸಿದ ಭಾರವೇ. ಯಾವ ಪುಸ್ತಕದಲ್ಲಿಯೂ ಅದರ ಲೆಕ್ಕ ಬರೆದಿರಲಿಲ್ಲ.

ಕೇಳದೆ ಹೋದ ಮಾತು

ಮೂರನೆಯ ವಾರದ ಶುಕ್ರವಾರ ಅಕ್ಕ ಕಚೇರಿಯ ಬಾಗಿಲಿಗೆ ಬಂದು ನಿಂತರು. “ಮೇಡಂ, ನನ್ನನ್ನು ಬಿಟ್ಟುಬಿಡಿ. ನನಗೆ ಈಳಿಗೆಮಣೆಯೇ ಸಾಕು. ದಿನವೂ ಆ ಬಕೆಟ್ ಹೊರಲಾರೆ” ಎಂದರು.

ಆಗ ನನಗೆ ಹೊಳೆದದ್ದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಸಭೆಗೆ ಮೊದಲಾಗಲಿ ನಂತರವಾಗಲಿ, ನಿಮಗೆ ಇದು ಬೇಕೇ ಎಂದು ನಾನು ಅವರನ್ನು ಕೇಳಿಯೇ ಇರಲಿಲ್ಲ. ಅವರ ಪರವಾಗಿ ನಾನು ವಾದಿಸಿದೆ, ನಾನು ಗೆದ್ದೆ, ಸೋಲನ್ನು ಮಾತ್ರ ಅವರು ದಿನಾ ಸಂಜೆ ಬಕೆಟ್ಟಿನಲ್ಲಿ ಹೊತ್ತರು. ಮೀಸಲಾತಿಯ ಕುರಿತು ನಮ್ಮ ನೀತಿಯ ಮಾತೆಲ್ಲ ಯಾರಿಗೆ ಅನ್ಯಾಯವಾಯಿತು, ಯಾರ ಸೀಟು ಹೋಯಿತು ಎಂಬುದರ ಸುತ್ತಲೇ ಸುತ್ತುತ್ತದೆ. ಸೀಟು ಸಿಕ್ಕವರು ಅದರ ಮೇಲೆ ಕುಳಿತು ಏನನ್ನು ಸಹಿಸುತ್ತಾರೆ ಎಂಬುದನ್ನು ಕೇಳುವವರಿಲ್ಲ. ಮೊದಲು ಹೊಸಿಲು ದಾಟುವವರ ಮೇಲೆಯೇ ಹೊಸಿಲನ್ನು ಸವೆಸುವ ಕೆಲಸವನ್ನೂ ಹಾಕಿ ನಾವು ಕೈ ಕಟ್ಟಿ ನಿಲ್ಲುತ್ತೇವೆ. ಆ ಕೆಲಸ ನಿಯಮ ಮಾಡಿದ ಸರ್ಕಾರದ್ದು, ಅದನ್ನು ಜಾರಿ ಮಾಡಬೇಕಾದ ನನ್ನಂಥವರದ್ದು. 2,700 ರೂಪಾಯಿಯ ಹೆಂಗಸಿನದಲ್ಲ.

ಅಕ್ಕನಿಗೆ ಕ್ಷಮೆ ಕೇಳಿದೆ. ಬಿಡುವುದಾದರೆ ನಿಮ್ಮ ಹಕ್ಕು, ನಿಲ್ಲುವುದಾದರೆ ಬಕೆಟ್ಟನ್ನು ನಾನು ಹೊರುತ್ತೇನೆ ಎಂದೆ. ಅವರು ಏನೂ ಹೇಳದೆ ಹೋದರು. ಸೋಮವಾರ ಬಂದರು. ಯಾಕೆ ಬಂದರೆಂದು ಬಹಳ ದಿನಗಳ ಮೇಲೆ ಕೇಳಿದಾಗ ಹೇಳಿದ್ದು: “ಭಾನುವಾರ ಆ ಹುಡುಗಿ ನಮ್ಮ ಮನೆಯ ತನಕ ಬಂದಿದ್ದಳು.” ಆ ಹುಡುಗಿ ಎಂದರೆ ತಂಗಿ. ಮೇಲಿನ ಬೀದಿಯವಳು ಕಾಲೊನಿಯೊಳಗೆ ಹೋಗಿ, ಜಗುಲಿಯ ಮೇಲೆ ಕುಳಿತು, “ನೀನು ಬಿಟ್ಟರೆ ನನ್ನನ್ನು ಅಲ್ಲಿ ಕೂರಿಸುತ್ತಾರೆ ಅಕ್ಕ. ನಾನು ಕೂರಲಾರೆ” ಎಂದಿದ್ದಳಂತೆ. ಅವಳ ಓಣಿಯವರು ಆಗಲೇ ಅವಳನ್ನು ಮಾತನಾಡಿಸುವುದು ಬಿಟ್ಟಿದ್ದರು. ಬಡತನದ ತಕ್ಕಡಿಯಲ್ಲಿ ಅಕ್ಕನಿಗೆ ಎದುರಾಗಿ ನಾವು ಇಟ್ಟವಳು ಅಕ್ಕನ ಬೆನ್ನಿಗೆ ನಿಂತಳು.

ಆ ಸೋಮವಾರದಿಂದ ನಾನು ಕೆಲವನ್ನು ಬದಲಿಸಿದೆ. ಉಳಿದ ಅನ್ನವನ್ನು ಶಿಕ್ಷಕರೇ ಸರದಿಯಲ್ಲಿ ಒಯ್ದು ವಿಲೇವಾರಿ ಮಾಡಬೇಕು. ಉಪವಾಸವಿದ್ದವರು ಊಟ ಮಾಡದಿದ್ದರೂ ಬಡಿಸಲು ನಿಲ್ಲಬೇಕು. ಅಕ್ಕನನ್ನು ಹೆಸರು ಹಿಡಿದು ಏಕವಚನದಲ್ಲಿ ಕರೆಯುತ್ತಿದ್ದ ಮಕ್ಕಳು ಅಜ್ಜಿ ಎಂದು ಕರೆಯಬೇಕು. ಮನೆ ಮನೆಗೆ ಹೋಗಿ ತಾಯಂದಿರ ಜೊತೆ ಮಾತನಾಡಿದೆವು. ಹೆಚ್ಚಿನವರು ಬಾಗಿಲಲ್ಲೇ ನಿಲ್ಲಿಸಿದರು. ಒಬ್ಬರು ಮಾತ್ರ, “ನನ್ನ ಮಗಳನ್ನು ಹಾಸ್ಟೆಲ್‌ಗೆ ಸೇರಿಸಬೇಕೆಂದಿದ್ದೇನೆ. ಅಲ್ಲಿ ಅಡುಗೆ ಮಾಡುವವರ ಜಾತಿ ಕೇಳುವುದಕ್ಕೆ ಆಗುತ್ತದೆಯೇ?” ಎಂದು ತಮ್ಮನ್ನು ತಾವೇ ಕೇಳಿಕೊಂಡಂತೆ ಅಂದರು. ಮರುದಿನ ಅವರ ಮಗಳು ಸಾಲಿನಲ್ಲಿ ಕುಳಿತಳು.

ಅಲ್ಲಿಂದ ಸಂಖ್ಯೆ ನಿಧಾನವಾಗಿ ಏರಿತು. ಆಗಸ್ಟ್ ಕೊನೆಗೆ 41, ದಸರೆಯ ರಜೆಗೆ ಮುಂಚೆ 58, 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್‌ಗೆ ಶಾಲೆ ಮುಚ್ಚುವಾಗ ಉಳಿದ 78 ಮಕ್ಕಳಲ್ಲಿ 71.

ಯಾವುದರಿಂದ ಬದಲಾಯಿತು

ಮನಸ್ಸು ಬದಲಾಯಿತು ಎಂದು ಬರೆದುಬಿಡಬಹುದಿತ್ತು. ಕೋವಿಡ್ ಬಂದು ಬೇಯಿಸಿದ ಊಟ ನಿಂತು, ಮನೆಗೆ ಅಕ್ಕಿ ಬೇಳೆ ಹಂಚುವಂತಾಯಿತು. 2021ರ ಅಕ್ಟೋಬರ್‌ನಲ್ಲಿ ಮತ್ತೆ ಒಲೆ ಹೊತ್ತಿದಾಗ, ಖಾಸಗಿ ಶಾಲೆಯ ಶುಲ್ಕ ಕಟ್ಟಲಾಗದೆ ನಾಲ್ಕು ಮಕ್ಕಳು ಹಿಂದಕ್ಕೆ ಬಂದಿದ್ದರು. ಎಲ್ಲರೂ ಉಂಡರು. ಅದು ನಮ್ಮ ಮಾತಿನ ಫಲವೋ, ಎರಡು ವರ್ಷದ ಹಸಿವಿನ ಫಲವೋ, ಅಕ್ಕನ ಸಾರಿನ ರುಚಿಯ ಫಲವೋ ಬೇರ್ಪಡಿಸಿ ಹೇಳಲಾರೆ. ಮೂರೂ ಸೇರಿರಬೇಕು. ಅಂಬೇಡ್ಕರ್ ಅವರು ಸಂವಿಧಾನ ಸಭೆಯಲ್ಲಿ, 1949ರ ನವೆಂಬರ್ 25ರಂದು, ರಾಜಕೀಯದಲ್ಲಿ ಸಮಾನತೆ ಬಂದರೂ ಸಾಮಾಜಿಕ ಬದುಕಿನಲ್ಲಿ ಅಸಮಾನತೆ ಉಳಿಯುವ ವಿರೋಧಾಭಾಸದ ಬಗ್ಗೆ ಎಚ್ಚರಿಸಿದ್ದರು. ಅದು ಕಾಯುತ್ತ ಕುಳಿತರೆ ತಾನಾಗಿ ಬಗೆಹರಿಯುವುದಿಲ್ಲ ಎಂಬುದಷ್ಟನ್ನು ನಾನು ಕಣ್ಣಾರೆ ಕಂಡೆ. ನಿಯಮವಿಲ್ಲದಿದ್ದರೆ ಅಕ್ಕ ಬೇವಿನ ಮರದ ತನಕವೂ ಬರುತ್ತಿರಲಿಲ್ಲ. ನಿಯಮವೊಂದೇ ಇದ್ದಾಗ ಬೇವಿನ ಮರದಿಂದ ಮುಂದೆ ಬರಲಿಲ್ಲ.

2022ರಲ್ಲಿ ಅಕ್ಕನಿಗೆ 60 ತುಂಬಿತೆಂದು ಕೆಲಸದಿಂದ ಬಿಡುಗಡೆ ಮಾಡಿದರು. ಹದಿನಾಲ್ಕು ವರ್ಷ ದುಡಿದವರು ಪಿಂಚಣಿಯಿಲ್ಲದೆ ಬರಿಗೈಯಲ್ಲಿ ಹೋದರು. ಮೀಸಲಾತಿ ಒದಗಿಸಿದ ಸರ್ಕಾರವೇ ಆ ಹುದ್ದೆಗೆ ನೌಕರಿಯ ಮಾನ ಒದಗಿಸಲಿಲ್ಲ ಎಂಬುದನ್ನು ಈ ಪ್ರಕರಣದಿಂದ ಬಿಟ್ಟುಬಿಡಲಾಗುವುದಿಲ್ಲ.

ತಂಗಿ ಮುಖ್ಯ ಅಡುಗೆಯವಳಾದಳು. ಸಹಾಯಕರ ಜಾಗಕ್ಕೆ ಮತ್ತೆ ಸಭೆ ಸೇರಿತು. ಸಮಿತಿಗೆ ಹೊಸ ಅಧ್ಯಕ್ಷರು ಬಂದಿದ್ದರು. ಸಜ್ಜನರು, ಅವರ ಮಗ ಮೊದಲ ತಿಂಗಳಲ್ಲೇ ಸಾಲಿಗೆ ಬಂದು ಕುಳಿತವನು. “ಈಗ ಎಲ್ಲ ಮಕ್ಕಳೂ ಉಣ್ಣುತ್ತಾರಲ್ಲ ಮೇಡಂ. ಇನ್ನೂ ಆ ನಿಯಮ ಹಿಡಿದುಕೊಂಡು ಕೂರಬೇಕೇ?” ಎಂದು ಪ್ರಾಮಾಣಿಕವಾಗಿಯೇ ಕೇಳಿದರು. ನಿಮ್ಮ ಮನೆಯ ಮುಂದಿನ ಮದುವೆಗೆ ಅಕ್ಕನನ್ನು ಅಡುಗೆಗೆ ಕರೆಯುತ್ತೀರಾ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಇಲ್ಲ ಎಂದರು. ಸುಳ್ಳು ಹೇಳದೆ ಇದ್ದದ್ದಕ್ಕೆ ಅವರ ಮೇಲೆ ನನಗೆ ಗೌರವವಿದೆ. ಕಾಲೊನಿಯ ಇನ್ನೊಬ್ಬ ಹೆಣ್ಣುಮಗಳ ಹೆಸರನ್ನು ಬರೆದೆವು. ಈ ಸಲ ಮೊದಲು ಅವಳನ್ನು ಕರೆದು, ಎಲ್ಲವನ್ನೂ ಹೇಳಿ, ಒಪ್ಪಿಗೆಯೇ ಎಂದು ಕೇಳಿದೆ. ಎರಡು ದಿನ ಸಮಯ ಬೇಕು ಎಂದಳು. ಮೂರನೆಯ ದಿನ ಬಂದು ಒಪ್ಪಿದಳು.

ಮರುವರ್ಷ ನನಗೆ ವರ್ಗವಾಯಿತು. ಹೋದ ವರ್ಷದ ಮಾರ್ಚ್‌ನಲ್ಲಿ ಆ ದಾರಿಯಲ್ಲಿ ಬಂದಾಗ ಶಾಲೆಯ ಒಳಗೆ ಹೋದೆ. ಈಳಿಗೆಮಣೆ ಬೇವಿನ ಮರದ ಕೆಳಗಿತ್ತು, ಕಾಲೊನಿಯ ಹೆಣ್ಣುಮಗಳು ಅದರ ಮೇಲೆ ಕುಳಿತು ಸೊಪ್ಪು ಹೆಚ್ಚುತ್ತಿದ್ದಳು. ನನ್ನ ಮುಖ ಸಪ್ಪಗಾದದ್ದನ್ನು ತಂಗಿ ಒಳಗಿನಿಂದಲೇ ಗಮನಿಸಿರಬೇಕು. “ಒಳಗೆ ಸೆಕೆ ಮೇಡಂ” ಎಂದಳು. ಮಾರ್ಚ್ ತಿಂಗಳು, ತಗಡಿನ ಸೂರು, ಸೆಕೆ ಇದ್ದದ್ದು ನಿಜ. ಒಗ್ಗರಣೆ ಯಾರು ಹಾಕುತ್ತೀರಿ ಎಂದೆ. “ಒಂದು ವಾರ ನಾನು, ಒಂದು ವಾರ ಅವಳು” ಎಂದಳು. ಈ ವಾರ ಯಾರದು ಎಂದು ನಾನು ಕೇಳಲಿಲ್ಲ. ಗಂಟೆ ಬಾರಿಸಿತು. ತಟ್ಟೆ ತೊಳೆದುಕೊಂಡು ಮಕ್ಕಳ ಸಾಲಿನ ಕೊನೆಯಲ್ಲಿ ಕುಳಿತೆ.